ಮಧ್ಯಾಹ್ನ ಉಕ್ಕುವ ಕರೆಂಟು, ಸಂಜೆಯ ಎಳೆದಾಟ: ಮೈಸೂರು–ಮಂಡ್ಯದ ಪಂಪ್‌ಸೆಟ್‌ಗಳು ಗ್ರಿಡ್‌ಗೆ ಹೇಗೆ ಆಸರೆಯಾಗಬಲ್ಲವು?

ಬೇಸಿಗೆಯ ಮಟಮಟ ಮಧ್ಯಾಹ್ನ ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕಿನಿಂದ ಹಿಡಿದು ಕುವೆಂಪುನಗರದ ತಾರಸಿಯ ಮೂರು ಕಿಲೋವ್ಯಾಟ್ ಫಲಕದವರೆಗೆ ಎಲ್ಲವೂ ಒಟ್ಟಿಗೆ ಕರೆಂಟು ಉಕ್ಕಿಸುತ್ತವೆ. ಸಂಜೆ ಆರೂವರೆಯ ಹೊತ್ತಿಗೆ ಎಲ್ಲವೂ ಒಟ್ಟಿಗೆ ಕೈಚೆಲ್ಲುತ್ತವೆ. ಮನೆಗಳಲ್ಲಿ ದೀಪ, ಫ್ಯಾನು, ಟಿ.ವಿ., ಮಿಕ್ಸಿ ಶುರುವಾಗುವುದು ಆಗಲೇ. ಕೆಲಸ ಮುಗಿಸಿ ಬಂದವರು ಎಲೆಕ್ಟ್ರಿಕ್ ಸ್ಕೂಟರನ್ನು ಚಾರ್ಜಿಗೆ ಹಾಕುವುದೂ ಆಗಲೇ. 2025ರ ಬೇಸಿಗೆಯಲ್ಲಿ ರಾಜ್ಯದ ಗರಿಷ್ಠ ಬೇಡಿಕೆ 18,000 ಮೆಗಾವ್ಯಾಟ್ ದಾಟಿದ್ದು ಎಲ್ಲರಿಗೂ ಗೊತ್ತು, ಅದು ಸುದ್ದಿಯಾಯಿತು. ಲೋಡ್ ಡಿಸ್ಪ್ಯಾಚ್ ಕೇಂದ್ರದಲ್ಲಿ ಕೂತವರ ನಿದ್ದೆ ಕೆಡಿಸುವ ಸಂಜೆಯ ಆ ಎರಡು ಗಂಟೆ ಸುದ್ದಿಯಾಗುವುದು ಕಡಿಮೆ. ಸೂರ್ಯ ಕೈಬಿಟ್ಟ ಸಾವಿರಾರು ಮೆಗಾವ್ಯಾಟನ್ನು ಜಲವಿದ್ಯುತ್ತು, ಕಲ್ಲಿದ್ದಲು, ಹೊರಗಿನ ಖರೀದಿ ಮೂರೂ ಸೇರಿ ಅಷ್ಟರೊಳಗೆ ತುಂಬಿಕೊಡಬೇಕು.

ವಿದ್ಯುತ್ ಜಾಲದಲ್ಲಿ ದಾಸ್ತಾನು ಎಂಬುದಿಲ್ಲ. ಈ ಕ್ಷಣ ಎಷ್ಟು ಖರ್ಚೋ ಅಷ್ಟೇ ಈ ಕ್ಷಣ ಹುಟ್ಟಬೇಕು. ಹೆಚ್ಚು ಹುಟ್ಟಿದರೆ ಫ್ರೀಕ್ವೆನ್ಸಿ 50 ಹರ್ಟ್ಸ್‌ಗಿಂತ ಮೇಲೇರುತ್ತದೆ, ಸಾಲದೆ ಹೋದರೆ ಕೆಳಗಿಳಿಯುತ್ತದೆ. ದೇಶದ ಗ್ರಿಡ್ ಸಂಹಿತೆ ಇದಕ್ಕೆ ಬಿಟ್ಟಿರುವ ಜಾಗ 49.90ರಿಂದ 50.05ರವರೆಗೆ ಮಾತ್ರ. ನೂರು ವರ್ಷ ಈ ಸಮತೋಲ ಕಾಯುವ ಕೆಲಸವನ್ನು ಉತ್ಪಾದನಾ ಕೇಂದ್ರಗಳೇ ಮಾಡಿಕೊಂಡು ಬಂದವು. ಜನ ಸ್ವಿಚ್ ಹಾಕಿದಂತೆ ಜೋಗದಲ್ಲೋ ರಾಯಚೂರಿನಲ್ಲೋ ಯಂತ್ರದ ಉತ್ಪಾದನೆ ಹೊಂದಿಕೊಳ್ಳುತ್ತಿತ್ತು. ಸೂರ್ಯನ ಯಂತ್ರಕ್ಕೆ ಅಂಥ ಹಿಡಿಕೆ ಇಲ್ಲ. ಹಾಗಾಗಿ ಇನ್ನು ಮುಂದೆ ಖರ್ಚಿನ ಕಡೆಯೂ ಸ್ವಲ್ಪ ಬಗ್ಗಬೇಕು: ಮಧ್ಯಾಹ್ನ ಹೆಚ್ಚು ಬಳಸು, ಸಂಜೆ ಕಡಿಮೆ ಬಳಸು, ಸಾಧ್ಯವಾದರೆ ಕೂಡಿಟ್ಟದ್ದನ್ನು ಸಂಜೆ ಕೊಡು. ತಾರಸಿಯ ಸೋಲಾರ್, ಬ್ಯಾಟರಿ, ಚಾರ್ಜರು, ಪಂಪು, ಗೀಸರು, ಸಕ್ಕರೆ ಕಾರ್ಖಾನೆಯ ಟರ್ಬೈನು — ಊರೂರಿನಲ್ಲಿ ಚದುರಿಕೊಂಡಿರುವ ಇಂಥವನ್ನೆಲ್ಲ ಹೊತ್ತು ನೋಡಿ ದುಡಿಸಿಕೊಳ್ಳುವುದೇ ಈಗ ಜಗತ್ತಿನ ವಿದ್ಯುತ್ ಕಂಪನಿಗಳೆಲ್ಲ ಕಲಿಯುತ್ತಿರುವ ವಿದ್ಯೆ.

ಈ ಮಾತು ಬಂದಾಗಲೆಲ್ಲ ನಮ್ಮಲ್ಲಿ ಮೊದಲು ಕೇಳಿಬರುವುದು ಮೊಬೈಲ್ ಆ್ಯಪ್, ಸ್ಮಾರ್ಟ್ ಮೀಟರ್, ಗೋಡೆಗೆ ತೂಗುಹಾಕುವ ಲಿಥಿಯಂ ಬ್ಯಾಟರಿ. ಮೈಸೂರು, ಮಂಡ್ಯ ಜಿಲ್ಲೆಗಳ ಮಟ್ಟಿಗೆ ಇದು ತಲೆಕೆಳಗಾದ ಕ್ರಮ ಎಂದು ನನಗನ್ನಿಸುತ್ತದೆ. ಇಲ್ಲಿ ಅತಿ ಹೆಚ್ಚು ಬಗ್ಗಬಲ್ಲದ್ದು ಗದ್ದೆ, ತೋಟದ ಪಂಪ್‌ಸೆಟ್. ಅದನ್ನು ಬಗ್ಗಿಸುವ ಕೆಲಸವೂ ದಶಕಗಳಿಂದ ನಡೆದೇ ಇದೆ. ಆದರೆ ಹೊತ್ತು ತಿಳಿಸುವ, ಪ್ರತಿಫಲ ಕೊಡುವ ಪದ್ಧತಿ ಮಾತ್ರ ಬೆಳೆದಿಲ್ಲ.

ಥ್ರೀ ಫೇಸ್ ಬಂತು ಎನ್ನುವಾಗ ನಿಜಕ್ಕೂ ಆಗುವುದೇನು

ರಾಜ್ಯದಲ್ಲಿ 30 ಲಕ್ಷಕ್ಕೂ ಹೆಚ್ಚು ಕೃಷಿ ಪಂಪ್‌ಸೆಟ್‌ಗಳಿವೆ. ಮಾರಾಟವಾಗುವ ಒಟ್ಟು ವಿದ್ಯುತ್ತಿನಲ್ಲಿ ಸುಮಾರು ಮೂರನೇ ಒಂದು ಪಾಲು ಇವುಗಳದ್ದು. 10 ಎಚ್‌ಪಿವರೆಗಿನ ಪಂಪಿಗೆ ಕರೆಂಟು ಉಚಿತ. ಅದರ ಹಣವನ್ನು ಸರ್ಕಾರ ಸಬ್ಸಿಡಿ ರೂಪದಲ್ಲಿ ವಿದ್ಯುತ್ ಸರಬರಾಜು ಕಂಪನಿಗಳಿಗೆ ತುಂಬಿಕೊಡುತ್ತದೆ. ಮೈಸೂರು, ಮಂಡ್ಯ, ಚಾಮರಾಜನಗರ, ಹಾಸನ, ಕೊಡಗು ಐದೂ ಜಿಲ್ಲೆಗೆ ಆ ಕಂಪನಿ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಅಂದರೆ ಸೆಸ್ಕ್. ಪಂಪಿಗೆ ದಿನಕ್ಕೆ 7 ಗಂಟೆ ಥ್ರೀ ಫೇಸ್ ಕೊಡುವುದು ಸರ್ಕಾರದ ನೀತಿ. ಕೆಲವು ಫೀಡರ್‌ಗೆ (ಸಬ್‌ಸ್ಟೇಷನ್ನಿನಿಂದ ಊರ ಕಡೆ ಹೊರಡುವ ಮಾರ್ಗಕ್ಕೆ) ಅದು ಒಂದೇ ಸಲ ಬರುತ್ತದೆ, ಕೆಲವಕ್ಕೆ ಹಗಲಿಗಿಷ್ಟು ರಾತ್ರಿಗಿಷ್ಟು ಎಂದು ಒಡೆದು ಬರುತ್ತದೆ. ಉಳಿದ ಹೊತ್ತು ತೋಟದ ಮನೆಯ ಬಲ್ಬು ಉರಿಯಲೆಂದು ಸಿಂಗಲ್ ಫೇಸ್.

ನಾಲಾ ಬಯಲಿನವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಸಾಲದಾದಾಗ ಕಟ್ಟು ಪದ್ಧತಿಯಲ್ಲಿ ಬಿಡುತ್ತಾರೆ: ಇಷ್ಟು ದಿನ ಹರಿವು, ಇಷ್ಟು ದಿನ ನಿಲುಗಡೆ. ಫೀಡರ್ ಸರದಿಯೂ ಅದೇ ಲೆಕ್ಕ, ಗಂಟೆಯ ಅಳತೆಯಲ್ಲಿ. ಒಂದು ವ್ಯತ್ಯಾಸವೇನೆಂದರೆ ಕಟ್ಟು ನೀರಿನ ದಿನಾಂಕ ಮುಂಚೆಯೇ ಪ್ರಕಟವಾಗುತ್ತದೆ, ಅದನ್ನು ನೋಡಿಕೊಂಡು ರೈತ ಒಟ್ಲು ಹಾಕುತ್ತಾನೆ. ಥ್ರೀ ಫೇಸ್‌ನ ಹೊತ್ತು ಹೇಳಿದ್ದೊಂದು, ಬಂದದ್ದೊಂದು ಆಗುವುದು ಮಾಮೂಲು.

ಅದರ ಪರಿಣಾಮವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕರೆಂಟು ಯಾವಾಗ ಬರುತ್ತದೋ ಗೊತ್ತಿಲ್ಲದ ರೈತ ಏನು ಮಾಡುತ್ತಾನೆ? ಕರೆಂಟು ಬಂದ ಕೂಡಲೇ ಪಂಪು ತಾನಾಗಿ ಶುರುವಾಗಲೆಂದು ಸ್ಟಾರ್ಟರಿಗೆ ಆಟೋ ಕೂರಿಸಿ ಮನೆಗೆ ಹೋಗುತ್ತಾನೆ. ಅಕ್ಕಪಕ್ಕದವರೂ ಹಾಗೇ ಮಾಡಿರುತ್ತಾರೆ. ಒಂದು 63 ಕೆವಿಎ ಟಿಸಿಯ, ಅಂದರೆ ಟ್ರಾನ್ಸ್‌ಫಾರ್ಮರಿನ, ಕೆಳಗೆ 5 ಎಚ್‌ಪಿಯ ಹತ್ತು ಪಂಪುಗಳಿವೆ ಎಂದಿಟ್ಟುಕೊಳ್ಳಿ. ಓಡುವಾಗ ಒಂದೊಂದೂ ನಾಲ್ಕೂವರೆ ಕಿಲೋವ್ಯಾಟ್ ಆಸುಪಾಸು ಎಳೆಯುತ್ತದೆ, ಒಟ್ಟು 45, ಟಿಸಿ ತಡೆದುಕೊಳ್ಳುತ್ತದೆ. ಆದರೆ ಇಂಡಕ್ಷನ್ ಮೋಟಾರು ನಿಂತಲ್ಲಿಂದ ತಿರುಗಲು ಶುರುಮಾಡುವ ಆ ಕೆಲವು ಸೆಕೆಂಡು ಮಾಮೂಲಿಗಿಂತ ಐದಾರು ಪಟ್ಟು ಕರೆಂಟು ಕೇಳುತ್ತದೆ. ಸಬ್‌ಸ್ಟೇಷನ್‌ನಲ್ಲಿ ಬ್ರೇಕರ್ ಹಾಕಿದ ಗಳಿಗೆಯಲ್ಲೇ ಹತ್ತೂ ಮೋಟಾರು ಒಟ್ಟಿಗೆ ಎದ್ದರೆ ವೋಲ್ಟೇಜು ಕುಸಿಯುತ್ತದೆ. ಕುಸಿದ ವೋಲ್ಟೇಜಿನಲ್ಲಿ ಮೋಟಾರಿಗೆ ವೇಗ ಹಿಡಿಯಲು ಆಗದು, ಇನ್ನೂ ಹೊತ್ತು ಹೆಚ್ಚು ಕರೆಂಟು ಹೀರುತ್ತಲೇ ಇರುತ್ತದೆ. ಫ್ಯೂಸು ಹೋಗುತ್ತದೆ, ಇಲ್ಲವೇ ವೈಂಡಿಂಗು ಸುಡುತ್ತದೆ. ಹಣೆಬರಹ ಕೆಟ್ಟಿದ್ದರೆ ಟಿಸಿಯೇ ಸುಡುತ್ತದೆ. ಬದಲಿ ಟಿಸಿ ಬರುವವರೆಗೆ ಪೈರು ಒಣಗುತ್ತದೆ, ಬೈಗುಳ ಲೈನ್‌ಮ್ಯಾನ್‌ಗೆ.

ಇದರಲ್ಲಿ ಕರೆಂಟಿನ ಕೊರತೆ ಎಲ್ಲಿಯೂ ಇಲ್ಲ. ಕೊರತೆ ಇರುವುದು ಮಾಹಿತಿಯದು. ಹೊತ್ತು ಖಚಿತವಾಗಿ ಗೊತ್ತಿದ್ದರೆ ಅರ್ಧದಷ್ಟು ಜನ ಆಟೋ ತೆಗೆಯುತ್ತಾರೆ. ತೆಗೆಯದವರ ಸ್ಟಾರ್ಟರಿಗೆ ಒಂದೊಂದಕ್ಕೆ ಒಂದೊಂದು ಬಗೆಯ ವಿಳಂಬ ಕೂಡಿಸಿದರೆ, ಒಂದು ಅರ್ಧ ನಿಮಿಷ, ಇನ್ನೊಂದು ಒಂದೂವರೆ ನಿಮಿಷ ಎಂದು, ಮೋಟಾರುಗಳು ಸಾಲಾಗಿ ಏಳುತ್ತವೆ. ಕೆಲವು ನೂರು ರೂಪಾಯಿಯ ಟೈಮರಿನಿಂದ ಆಗುವ ಕೆಲಸ ಇದು. ಚದುರಿದ ಸಂಪನ್ಮೂಲಗಳ ನಿರ್ವಹಣೆ ಎಂದು ದೊಡ್ಡ ಸಮ್ಮೇಳನಗಳಲ್ಲಿ ಮಾತಾಡುವಾಗ ಇಂಥ ಟೈಮರಿನ ಹೆಸರು ಯಾಕೆ ಬರುವುದಿಲ್ಲವೋ!

ಪಂಪಿನ ಗಾತ್ರದ ಅಂದಾಜಿಗೆ ಒಂದು ಕೈಲೆಕ್ಕ. 5 ಎಚ್‌ಪಿಯ ಒಂದು ಲಕ್ಷ ಪಂಪು ಒಟ್ಟಿಗೆ ಓಡಿದರೆ ಸುಮಾರು 450 ಮೆಗಾವ್ಯಾಟ್. ಶರಾವತಿಯಲ್ಲಿ ಕಾಡು ಕಡಿದು, ಬೆಟ್ಟ ಕೊರೆದು ಕಟ್ಟಬೇಕೆಂದಿರುವ ಪಂಪ್ಡ್ ಸ್ಟೋರೇಜ್ (ಕರೆಂಟು ಹೆಚ್ಚಿದ್ದಾಗ ನೀರನ್ನು ಮೇಲೆತ್ತಿಟ್ಟು, ಬೇಕಾದಾಗ ಇಳಿಸಿ ಕರೆಂಟು ತೆಗೆಯುವ) ಯೋಜನೆಯ ಸಾಮರ್ಥ್ಯ 2,000 ಮೆಗಾವ್ಯಾಟ್. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಪೂರ್ತಿ ಸರಿಯಲ್ಲ: ಶರಾವತಿ ಸಂಜೆ ಕರೆಂಟು ಕೊಡುತ್ತದೆ, ಪಂಪು ಸಂಜೆ ಕೇಳದೆ ಸುಮ್ಮನಿರುತ್ತದೆ, ಅಷ್ಟೆ. ಜೊತೆಗೆ ಪಂಪಿನ ಭಾರದ ದೊಡ್ಡ ಪಾಲನ್ನು ಈಗಾಗಲೇ ಹಗಲಿಗೆ ಸರಿಸಿಯಾಗಿದೆ. ಆದರೂ ಗ್ರಿಡ್‌ನ ಕಣ್ಣಿಗೆ ಸಂಜೆ ಏಳರಲ್ಲಿ ಕೊಟ್ಟ ಒಂದು ಮೆಗಾವ್ಯಾಟಿಗೂ ಕೇಳದೆ ಬಿಟ್ಟ ಒಂದು ಮೆಗಾವ್ಯಾಟಿಗೂ ಭೇದವಿಲ್ಲ.

ಹಗಲು ಕರೆಂಟು ರೈತರದ್ದೇ ಹಳೆಯ ಬೇಡಿಕೆ ಎಂಬುದನ್ನೂ ಮರೆಯಬಾರದು. 2022ರ ಕೊನೆಗೆ, 2023ರ ಆರಂಭಕ್ಕೆ ಟಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ಜನ ಸತ್ತ ಮೇಲೆ ರಾತ್ರಿ ಕಬ್ಬಿನ ಗದ್ದೆಗೆ ನೀರು ಹಾಯಿಸಲು ಹೋಗುವುದೆಂದರೆ ಜೀವಭಯವಾಯಿತು. ಸೂರ್ಯನ ಕರೆಂಟು ಹಗಲು ಹೆಚ್ಚಾದ ಕಾಲದಲ್ಲಿ ಗ್ರಿಡ್‌ಗೆ ಬೇಕಾದದ್ದೂ ರೈತನಿಗೆ ಬೇಕಾದದ್ದೂ ಒಂದೇ ಆಗಿದೆ. ಇಂಥ ಕಾಕತಾಳೀಯ ಬಹಳ ಸಲ ಸಿಗುವುದಿಲ್ಲ.

ಕೃಷಿ ಪಂಪಿಗೆ ಸೋಲಾರ್ ಕರೆಂಟು ಒದಗಿಸುವ ಕೇಂದ್ರದ ಕುಸುಮ್ ಯೋಜನೆಯ ಸಿ ವಿಭಾಗದ ತಿರುಳು ಇದೇ. ಸಬ್‌ಸ್ಟೇಷನ್ನಿನ ಬಳಿಯಲ್ಲೇ ಕೆಲವು ಮೆಗಾವ್ಯಾಟಿನ ಸೋಲಾರ್ ಘಟಕ ಹಾಕಿ, ಪಂಪ್‌ಸೆಟ್‌ಗೆಂದೇ ಬೇರ್ಪಡಿಸಿದ 11 ಕೆವಿ ಫೀಡರಿಗೆ ಹಗಲು ಅಲ್ಲಿಂದಲೇ ಕರೆಂಟು ಹರಿಸುವುದು. ದೂರದಿಂದ ತರುವ ಮಾರ್ಗದ ನಷ್ಟ ಉಳಿಯುತ್ತದೆ, 66 ಕೆವಿ ಮಾರ್ಗದ ಮೇಲಿನ ಭಾರ ಇಳಿಯುತ್ತದೆ. ಗೌರಿಬಿದನೂರಿನಲ್ಲಿ 2025ರ ಜೂನ್‌ನಲ್ಲಿ ರಾಜ್ಯ ಇದಕ್ಕೆ ದೊಡ್ಡ ಮಟ್ಟದ ಚಾಲನೆ ಕೊಟ್ಟಿತು. ಮಂಡ್ಯದಂಥ ಕಡೆ ಇದಕ್ಕೊಂದು ಸ್ಥಳೀಯ ತಿರುವಿದೆ. ಕೆಆರ್‌ಎಸ್ ತುಂಬಿ ನಾಲೆಯಲ್ಲಿ ನೀರು ಬಂದರೆ, ಮೇಲಿಂದ ಮಳೆಯೂ ಹಿಡಿದರೆ, ಪಂಪುಗಳು ವಾರಗಟ್ಟಲೆ ನಿಲ್ಲುತ್ತವೆ. ಮೋಡ ಸರಿದು ಬಿಸಿಲು ಬಿದ್ದ ದಿನ ಆ ಸೋಲಾರ್ ಕರೆಂಟನ್ನು ಕುಡಿಯುವವರಿಲ್ಲ. ಆಗ ಅದು ಸಬ್‌ಸ್ಟೇಷನ್ನಿನ ಟ್ರಾನ್ಸ್‌ಫಾರ್ಮರಿನಲ್ಲಿ ಹಿಮ್ಮುಖವಾಗಿ ಮೇಲಕ್ಕೆ ಹತ್ತುತ್ತದೆ. ಮೇಲಿನಿಂದ ಕೆಳಕ್ಕೆ ಮಾತ್ರ ಹರಿಯುತ್ತದೆಂದು ನಂಬಿ ಹೊಂದಿಸಿಟ್ಟ, ದೋಷ ಕಂಡರೆ ಮಾರ್ಗ ಕಡಿಸುವ ರಿಲೇಗಳನ್ನೂ ವೋಲ್ಟೇಜ್ ಹೊಂದಿಸುವ ಟ್ಯಾಪನ್ನೂ ಮತ್ತೆ ಕೂತು ಹೊಂದಿಸಬೇಕಾಗುತ್ತದೆ. ನಾಲಾ ಬಯಲಿನ ಫೀಡರು, ನಾಗಮಂಗಲದ ಕೊಳವೆಬಾವಿ ಸೀಮೆಯ ಫೀಡರು ಎರಡಕ್ಕೂ ಒಂದೇ ಅಳತೆಯ ಸೋಲಾರ್ ಹಾಕಿದರೆ ಎರಡರಲ್ಲೊಂದು ತಪ್ಪಾಗುವುದು ಖಂಡಿತ.

ಸೊನ್ನೆ ಬಿಲ್ಲಿಗೆ ದರದ ಆಸೆ ತೋರಿಸುವುದು ಹೇಗೆ?

ಜನರ ಬಳಕೆಯನ್ನು ಬಗ್ಗಿಸಲು ಪಾಶ್ಚಾತ್ಯ ದೇಶಗಳು ಹಿಡಿದ ಮೊದಲ ದಾರಿ ದರ: ಹೊತ್ತಿಗೊಂದು ಬೆಲೆ. ಕೇಂದ್ರ ಸರ್ಕಾರ 2023ರ ಜೂನ್‌ನಲ್ಲಿ ಗ್ರಾಹಕರ ಹಕ್ಕುಗಳ ನಿಯಮಕ್ಕೆ ತಂದ ತಿದ್ದುಪಡಿಯೂ ಅದನ್ನೇ ಹೇಳುತ್ತದೆ. ಬಿಸಿಲಿನ ಹೊತ್ತಿನ ದರ ಸಾಮಾನ್ಯ ದರಕ್ಕಿಂತ ಕನಿಷ್ಠ 20% ಕಡಿಮೆ ಇರಬೇಕು. ಪೀಕ್ ಹೊತ್ತಿನಲ್ಲಿ, ಅಂದರೆ ಬೇಡಿಕೆ ಅತಿ ಹೆಚ್ಚಿರುವಾಗ, ವಾಣಿಜ್ಯ, ಕೈಗಾರಿಕೆಗೆ ಕನಿಷ್ಠ 1.2 ಪಟ್ಟು, ಉಳಿದವರಿಗೆ 1.1 ಪಟ್ಟು. 10 ಕಿಲೋವ್ಯಾಟಿಗೆ ಮೇಲ್ಪಟ್ಟ ಅಂಗಡಿ, ಕಾರ್ಖಾನೆಗೆ 2024ರ ಏಪ್ರಿಲ್‌ನಿಂದ, ಕೃಷಿ ಬಿಟ್ಟು ಉಳಿದ ಎಲ್ಲರಿಗೂ 2025ರ ಏಪ್ರಿಲ್‌ನಿಂದ ಎಂದು ಗಡುವೂ ಇತ್ತು. ಹೊತ್ತು ಅಳೆಯುವ ಮೀಟರ್ ಇದ್ದರೆ ತಾನೇ ಇದು? 2025ರಲ್ಲಿ ಹೊಸ ಸಂಪರ್ಕಕ್ಕೆ ಸ್ಮಾರ್ಟ್ ಮೀಟರ್ ಎಂದಾಗ ಅದರ ಬೆಲೆಯ ಬಗ್ಗೆ ರಾಜ್ಯದಲ್ಲಿ ಎದ್ದ ಗದ್ದಲ ಎಲ್ಲರೂ ನೋಡಿದ್ದೇ.

ಹೆಬ್ಬಾಳ, ಹೂಟಗಳ್ಳಿ, ನಂಜನಗೂಡಿನ ಕಾರ್ಖಾನೆಗಳಿಗೆ ದರದ ಭಾಷೆ ಅರ್ಥವಾಗುತ್ತದೆ. ಹೊತ್ತಿನ ದರ ಅವರಿಗೆ ಹೊಸದೂ ಅಲ್ಲ. ಫರ್ನೇಸನ್ನೋ ಶೀತಲಗೃಹದ ಕಂಪ್ರೆಸರನ್ನೋ ಸಂಜೆ ಎರಡು ಗಂಟೆ ತಗ್ಗಿಸಿದರೆ ಎಷ್ಟು ಉಳಿತಾಯ ಎಂದು ಲೆಕ್ಕ ಹಾಕುವ ಜನ ಅಲ್ಲಿದ್ದಾರೆ. ಮನೆಗಳ ಕಥೆ ಬೇರೆ. 2023ರ ಜುಲೈನಿಂದ ಗೃಹಜ್ಯೋತಿ ಬಂತು. ಹಿಂದಿನ ವರ್ಷದ ಸರಾಸರಿಗೆ 10% ಸೇರಿಸಿ, 200 ಯೂನಿಟ್ ಮಿತಿಯೊಳಗೆ ಬಳಕೆ ಉಚಿತ. ಬಿಲ್ಲೇ ಸೊನ್ನೆಯಾದ ಮನೆಗೆ ಸಂಜೆಯ ದರ ಹತ್ತು ಪರ್ಸೆಂಟ್ ಜಾಸ್ತಿ ಎಂದರೆ ಸೊನ್ನೆಯ ಹತ್ತು ಪರ್ಸೆಂಟು ಎಷ್ಟು? ಪಂಪ್‌ಸೆಟ್‌ನದೂ ಇದೇ ಕಥೆ. ಅಲ್ಲಂತೂ ಬಹುಪಾಲು ಮೀಟರೇ ಇಲ್ಲ, ಫೀಡರ್ ಲೆಕ್ಕದಿಂದ ಅಂದಾಜು ಮಾಡುತ್ತಾರೆ.

ಗೃಹಜ್ಯೋತಿ ಸರಿಯೋ ತಪ್ಪೋ ಎಂಬ ಜಗಳ ಇಲ್ಲಿ ಬೇಡ. ಬಡವರ ಮನೆಯಲ್ಲಿ ಉಳಿದ ಐನೂರು ರೂಪಾಯಿ ಸಣ್ಣದಲ್ಲ. ಆದರೆ ಉಚಿತ ಕೊಡುತ್ತಲೇ ಬಗ್ಗುವಂತೆ ಮಾಡಬೇಕಾದರೆ ಏರಿದ ದರ ನಡೆಯದು, ಎದುರು ದಿಕ್ಕಿನಿಂದ ಹಣ ಕೊಡಬೇಕು. ಇದಕ್ಕೆ ಪಂಜಾಬಿನಲ್ಲೊಂದು ಮಾದರಿ ಇದೆ. ಅಲ್ಲಿಯೂ ಪಂಪಿಗೆ ಕರೆಂಟು ಉಚಿತ. 2018ರಲ್ಲಿ ಕೆಲವು ಫೀಡರ್‌ಗಳಲ್ಲಿ ಶುರುಮಾಡಿದ ‘ಪಾನಿ ಬಚಾವೋ, ಪೈಸಾ ಕಮಾವೋ’ ಯೋಜನೆಯಲ್ಲಿ ಇಚ್ಛೆಯಿಂದ ಮೀಟರ್ ಹಾಕಿಸಿಕೊಂಡ ರೈತನಿಗೆ ಇಂತಿಷ್ಟು ಯೂನಿಟ್ ಎಂದು ಗೊತ್ತುಮಾಡಿ, ಅದರಲ್ಲಿ ಬಳಸದೆ ಉಳಿಸಿದ ಪ್ರತಿ ಯೂನಿಟಿಗೆ 4 ರೂಪಾಯಿ ಖಾತೆಗೆ ಹಾಕಿದರು. ಉಚಿತದ ಹಕ್ಕನ್ನು ಯಾರೂ ಕಸಿಯಲಿಲ್ಲ, ಹೆಚ್ಚು ಬಳಸಿದವರಿಗೆ ದಂಡವೂ ಇಲ್ಲ. ಅವರ ಉದ್ದೇಶ ಅಂತರ್ಜಲ ಉಳಿಸುವುದು. ಅದೇ ಚೌಕಟ್ಟಿಗೆ ಗಂಟೆಯ ಲೆಕ್ಕ ಸೇರಿಸಿದರೆ ಗ್ರಿಡ್‌ಗೂ ಒದಗುತ್ತದೆ. ಸಂಜೆಯ ಪೀಕಿನಲ್ಲಿ ಹೊರಗಿನಿಂದ ಕೊಳ್ಳುವ ದುಬಾರಿ ಯೂನಿಟಿನ ಬೆಲೆಯಲ್ಲಿ ಒಂದು ಪಾಲನ್ನು ಆ ಹೊತ್ತು ಬಳಸದೆ ಬಿಟ್ಟ ಊರಿಗೇ ಕೊಡಬಾರದೇಕೆ?

ಮೈಸೂರಿನ ತಾರಸಿಗಳಲ್ಲಿ ಇದಕ್ಕೆ ಹಳೆಯದೊಂದು ಉದಾಹರಣೆ ಬಿಸಿಲಿಗೆ ಕೂತಿದೆ: ಸೋಲಾರ್ ವಾಟರ್ ಹೀಟರ್. ಸ್ನಾನದ ಹೊತ್ತಿನಲ್ಲಿ ಎರಡು ಕಿಲೋವ್ಯಾಟಿನ ಗೀಸರು ಹಾಕುವ ಬದಲು ನಿನ್ನೆಯ ಬಿಸಿಲನ್ನು ಇಂದು ಬೆಳಗ್ಗೆ ಬಳಸುವ ಈ ಡ್ರಮ್ಮು ಒಂದು ರೀತಿಯ ಬ್ಯಾಟರಿಯೇ. ರಾಜ್ಯ ಅದನ್ನು ಹೊಸ ಕಟ್ಟಡಗಳಿಗೆ ಕಡ್ಡಾಯ ಮಾಡಿತು, ಬಿಲ್ಲಿನಲ್ಲಿ ಯೂನಿಟಿಗೆ 50 ಪೈಸೆಯಂತೆ ತಿಂಗಳಿಗೆ 50 ರೂಪಾಯಿವರೆಗೆ ರಿಯಾಯಿತಿ ಕೊಟ್ಟಿತು. ಬೆಳಗಿನ ಪೀಕ್ ತಗ್ಗಿಸಿದ ಸದ್ದಿಲ್ಲದ ಯಶಸ್ಸು ಅದು. ಸೊನ್ನೆ ಬಿಲ್ಲಿನ ಕಾಲದಲ್ಲಿ ಆ 50 ರೂಪಾಯಿಗೆ ಬೆಲೆ ಉಳಿದಿಲ್ಲ. ಕೆಟ್ಟ ಹೀಟರನ್ನು ರಿಪೇರಿ ಮಾಡಿಸುವ ಬದಲು ಸಾವಿರಾರು ರೂಪಾಯಿ ಉಳಿಸಿ ಗೀಸರು ಹಾಕಿಸಿಕೊಳ್ಳುವುದು ಸಲೀಸು ಎನಿಸಿದರೆ ಯಾರನ್ನು ದೂರುವುದು?

ತಾರಸಿಯ ಸೋಲಾರ್, ಬೀದಿಯ ಟಿಸಿ

ಮನೆ ಮೇಲಿನ ಸೋಲಾರ್ ವಿದ್ಯುತ್ತಿಗೆ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗವಾದ ಕೆಇಆರ್‌ಸಿ 2013ರಲ್ಲಿ ಯೂನಿಟಿಗೆ 9.56 ರೂಪಾಯಿ ಗೊತ್ತುಮಾಡಿದಾಗ ಅದು ಬಹುಮಾನದ ಬೆಲೆ. ಫಲಕದ ಬೆಲೆ ಕುಸಿದಂತೆ ಆ ದರವೂ ಇಳಿಯಿತು. 2024ರ ಫೆಬ್ರುವರಿಯಲ್ಲಿ ಬಂದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಹಾಕಿಸಿದರೆ 78,000 ರೂಪಾಯಿ ಸಹಾಯಧನ. ಸರಸ್ವತಿಪುರಂ, ವಿಜಯನಗರದ ಕಡೆ ಹೆಚ್ಚು ಯೂನಿಟ್ ಸುಡುವ ಮನೆಗಳಿಗೆ ಇದು ಲಾಭದ ಬಾಬ್ತು. ಗೃಹಜ್ಯೋತಿಯೊಳಗೆ ಮುಗಿಯುವ ಮನೆಗೆ ಅಲ್ಲ.

ಒಂದು ಬೀದಿಯ 100 ಕೆವಿಎ ಟಿಸಿಯ ಕೆಳಗೆ ಮೂವತ್ತು ಮನೆಯವರು ತಲಾ 3 ಕಿಲೋವ್ಯಾಟ್ ಹಾಕಿಸಿದರೆ ಒಟ್ಟು 90. ಭಾನುವಾರ ಮಧ್ಯಾಹ್ನ ಊರೆಲ್ಲ ಉಂಡು ಮಲಗಿದ ಹೊತ್ತು. ಖರ್ಚು ಕಡಿಮೆ, ಹುಟ್ಟುವುದು ಹೆಚ್ಚು. ಮಿಕ್ಕ ಕರೆಂಟು ತಂತಿಯಲ್ಲಿ ಟಿಸಿಯ ಕಡೆಗೆ ಹೋಗಬೇಕಾದರೆ ಬೀದಿಯ ತುದಿಯ ಮನೆಯ ವೋಲ್ಟೇಜು ಏರಲೇಬೇಕು. 230 ವೋಲ್ಟಿನ ಮೇಲೆ 10% ದಾಟಿದರೆ, ಫಲಕದ ಕರೆಂಟನ್ನು ಮನೆಬಳಕೆಗೆ ಒಗ್ಗಿಸುವ ಇನ್ವರ್ಟರ್ ತಾನಾಗಿ ಕಳಚಿಕೊಳ್ಳಬೇಕೆಂಬುದು ಕೇಂದ್ರ ವಿದ್ಯುತ್ ಪ್ರಾಧಿಕಾರದ 2013ರ ಮಾನದಂಡದಲ್ಲೇ ಇದೆ. ಹಾಗೆ ತುದಿಮನೆಯವರ ಸೋಲಾರ್ ಬಿಸಿಲು ಜೋರಿರುವ ಹೊತ್ತಿಗೇ ಕಣ್ಣುಮುಚ್ಚುತ್ತದೆ; ಟಿಸಿ ಪಕ್ಕದ ಮನೆಯವರದ್ದು ಚೆನ್ನಾಗಿ ಓಡುತ್ತಿರುತ್ತದೆ. ಒಂದೇ ಹಣ ಹಾಕಿದವರಿಗೆ ಎರಡು ನ್ಯಾಯ. (ಕರೆಂಟು ಹೋದಾಗ ತಾರಸಿಯಲ್ಲಿ ಸೋಲಾರ್ ಇದ್ದೂ ಮನೆ ಯಾಕೆ ಕತ್ತಲು ಎಂದು ಕೇಳುವವರಿಗೆ: ತಂತಿ ಸತ್ತಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ನಿಮ್ಮ ಮನೆಯಿಂದ ಕರೆಂಟು ಹರಿಯಬಾರದಲ್ಲ, ಅದಕ್ಕೆ.)

ದಕ್ಷಿಣ ಆಸ್ಟ್ರೇಲಿಯಾ ಈ ಗೋಳನ್ನು ನಮಗಿಂತ ಮೊದಲು ಕಂಡಿತು. ಅಲ್ಲಿನ ವಿತರಣಾ ಕಂಪನಿ ಗ್ರಾಹಕರ ಮುಂದೆ ಎರಡು ಆಯ್ಕೆ ಇಟ್ಟಿತು: ಯಾವಾಗಲೂ 1.5 ಕಿಲೋವ್ಯಾಟ್ ಮಾತ್ರ ಹೊರಗೆ ಬಿಡಿ, ಇಲ್ಲವೇ ಜಾಲದಲ್ಲಿ ಜಾಗವಿದ್ದಾಗ 10 ಕಿಲೋವ್ಯಾಟ್‌ವರೆಗೆ ಬಿಡಿ, ಇಕ್ಕಟ್ಟಾದಾಗ ನಾವು ಹೇಳಿದಷ್ಟಕ್ಕೆ ಇಳಿಸಿ. ಜರ್ಮನಿಯ ಪಾಠ ಇನ್ನೂ ಬಿಗಿ. ಅಲ್ಲಿ ಮೊದಮೊದಲು ಹಾಕಿದ ಇನ್ವರ್ಟರ್‌ಗಳೆಲ್ಲ ಫ್ರೀಕ್ವೆನ್ಸಿ 50.2 ಮುಟ್ಟಿದ ಕೂಡಲೇ ಒಟ್ಟಿಗೆ ನಿಲ್ಲುವಂತೆ ಹೊಂದಿಸಿದ್ದರು. ಸೋಲಾರ್ ಬೆಟ್ಟದಷ್ಟಾದ ಮೇಲೆ, ಹಾಗೆ ಒಟ್ಟಿಗೆ ನಿಂತರೆ ಗ್ರಿಡ್ಡೇ ಬೀಳುತ್ತದೆಂಬ ಅರಿವಾಯಿತು. 2012ರಲ್ಲಿ ಕಾನೂನು ಮಾಡಿ ಲಕ್ಷಗಟ್ಟಲೆ ಘಟಕಗಳನ್ನು ಹುಡುಕಿಕೊಂಡು ಹೋಗಿ ಮತ್ತೆ ಹೊಂದಿಸಬೇಕಾಯಿತು. ನಮ್ಮ ಪಂಪಿನ ಆಟೋ ಸ್ಟಾರ್ಟರಿನದೂ ಅವರ ಇನ್ವರ್ಟರಿನದೂ ರೋಗ ಒಂದೇ, ಎಲ್ಲವೂ ಒಂದೇ ಗಳಿಗೆಗೆ ಒಂದೇ ಕೆಲಸ ಮಾಡುವುದು. ಇನ್ವರ್ಟರ್ ಹಾಕುವ ದಿನವೇ ಸರಿಯಾಗಿ ಹೊಂದಿಸುವುದು ಅಗ್ಗ. ಆಮೇಲೆ ಮನೆಮನೆ ಹತ್ತುವುದು ದುಬಾರಿ.

2024ರ ಜನವರಿಯಿಂದ ಜರ್ಮನಿಯಲ್ಲಿ ಇನ್ನೊಂದು ಕಟ್ಟಳೆ: ಹೊಸ ಕಾರ್ ಚಾರ್ಜರು, ಮನೆ ಬೆಚ್ಚಗಿಡುವ ಹೀಟ್ ಪಂಪುಗಳನ್ನು ಜಾಲ ಇಕ್ಕಟ್ಟಾದಾಗ ಕಂಪನಿ 4.2 ಕಿಲೋವ್ಯಾಟಿಗೆ ತಗ್ಗಿಸಬಹುದು, ಪೂರ್ತಿ ಆರಿಸುವಂತಿಲ್ಲ. ಬದಲಿಗೆ ಜಾಲದ ಶುಲ್ಕದಲ್ಲಿ ಗ್ರಾಹಕನಿಗೆ ರಿಯಾಯಿತಿ. ನಮ್ಮ ಲೋಡ್ ಶೆಡ್ಡಿಂಗ್‌ಗೂ ಇದಕ್ಕೂ ಇರುವ ದೂರವನ್ನು ನೋಡಿ. ಅಲ್ಲಿ ಎಷ್ಟು, ಯಾವಾಗ, ಏನು ಪ್ರತಿಫಲ ಎಂಬುದೆಲ್ಲ ಮೊದಲೇ ಬರೆದಿದೆ.

ಬ್ಯಾಟರಿಯ ಮಾತಿಗೆ ಬಂದರೆ, ನಮ್ಮ ಮನೆಗಳಲ್ಲಿ ಆಗಲೇ ಬ್ಯಾಟರಿ ಇದೆ, ಯಾರೂ ಎಣಿಸಿಲ್ಲ. ಮೆಟ್ಟಿಲ ಕೆಳಗೆ ಕೂತ ಯುಪಿಎಸ್‌ನ 150 ಆಂಪಿಯರ್ ಅವರ್, 12 ವೋಲ್ಟಿನ ಬ್ಯಾಟರಿಯಲ್ಲಿ 1.8 ಯೂನಿಟ್ ಹಿಡಿಯುತ್ತದೆ. ಅಂಥ ಒಂದು ಲಕ್ಷ ಮನೆ ಸೇರಿದರೆ 1.8 ಲಕ್ಷ ಯೂನಿಟ್. ಇದನ್ನೆಲ್ಲ ದಿನವೂ ಸಂಜೆ ಗ್ರಿಡ್‌ಗೆ ದುಡಿಸಲು ಹೊರಟರೆ ಡಿಸ್ಟಿಲ್ಡ್ ವಾಟರ್ ಕುಡಿಯುವ ಆ ಸೀಸದ ಬ್ಯಾಟರಿಗಳು ಬಹುಬೇಗ ಸಾಯುತ್ತವೆ, ಆ ಆಸೆ ಬೇಡ. ಆದರೆ ಒಂದು ಗಂಟೆ ಕರೆಂಟು ಹೋಗಿ ಬಂದ ಕೂಡಲೇ ಇವೆಲ್ಲ ಒಟ್ಟಿಗೆ ಚಾರ್ಜಿಗೆ ಬಾಯಿ ತೆರೆಯುತ್ತವೆ. ಅದು ಸಂಜೆ ಏಳಾದರೆ ಪೀಕಿನ ಮೇಲೆ ಇನ್ನೊಂದು ಗುಡ್ಡ. ಚಾರ್ಜಿಂಗನ್ನು ರಾತ್ರಿ ಹನ್ನೊಂದಕ್ಕೆ ತಳ್ಳುವ ಒಂದು ಗುಂಡಿ ಯುಪಿಎಸ್‌ನಲ್ಲಿ ಇದ್ದರೆ ಸಾಕು.

ಇನ್ನು ಎರಡು ದೊಡ್ಡ ಸಂಪನ್ಮೂಲಗಳು ಮಂಡ್ಯ ಜಿಲ್ಲೆಯಲ್ಲೇ ಇವೆ. ಒಂದು, ಸಕ್ಕರೆ ಕಾರ್ಖಾನೆಗಳ ಸಹವಿದ್ಯುತ್ ಘಟಕ. ಕಬ್ಬಿನ ಸಿಪ್ಪೆ ಸುಟ್ಟು ಹುಟ್ಟುವ ಈ ಕರೆಂಟಿಗೆ ಸೂರ್ಯನ ಹಂಗಿಲ್ಲ. ಸಿಪ್ಪೆಯನ್ನು ರಾಶಿ ಹಾಕಿಡಬಹುದು, ಸಂಜೆ ಹೆಚ್ಚು ಸುಡಬಹುದು. 2023ರ ಬರದಲ್ಲಿ ಪಂಪಿನ ಥ್ರೀ ಫೇಸ್ 5 ಗಂಟೆಗೆ ಇಳಿದು, ರೈತರು ಬೀದಿಗಿಳಿದ ಮೇಲೆ ಮತ್ತೆ 7ಕ್ಕೆ ಏರಿದ ಆ ಕಾಲದಲ್ಲೇ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಕಲಮು ಹಿಡಿದು ರಾಜ್ಯದ ಉತ್ಪಾದಕರೆಲ್ಲ ರಾಜ್ಯಕ್ಕೇ ಕೊಡಬೇಕೆಂದು ಆದೇಶಿಸಿತು. ಆಪತ್ತಿನಲ್ಲಿ ಕಾಯ್ದೆ ಬೀಸುವ ಬದಲು, ಸಂಜೆಯ ಯೂನಿಟಿಗೆ ಹಗಲಿನದಕ್ಕಿಂತ ಹೆಚ್ಚು ಬೆಲೆ ಎಂದು ಖರೀದಿ ಒಪ್ಪಂದದಲ್ಲೇ ಬರೆದರೆ ಕಾರ್ಖಾನೆ ತಾನಾಗಿ ಬಗ್ಗುತ್ತದೆ.

ಎರಡನೆಯದು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿ. ಬೆಂಗಳೂರು ಕುಡಿಯುವ ಕಾವೇರಿ ಅಲ್ಲಿಂದ ಮೂರು ಹಂತದಲ್ಲಿ ಸುಮಾರು 500 ಮೀಟರ್ ಮೇಲೇರಬೇಕು. 2024ರ ಅಕ್ಟೋಬರ್‌ನಲ್ಲಿ ಶುರುವಾದ 775 ಎಂಎಲ್‌ಡಿಯ (ಒಂದು ಎಂಎಲ್‌ಡಿ ಎಂದರೆ ದಿನಕ್ಕೆ ಹತ್ತು ಲಕ್ಷ ಲೀಟರ್) ಐದನೇ ಹಂತವನ್ನು ಹಿಂದಿನ 1,450ಕ್ಕೆ ಸೇರಿಸಿ ಪೂರ್ತಿ ಎತ್ತಿದರೆ, ನೀರಿನ ತೂಕಕ್ಕೆ ಎತ್ತರ ಗುಣಿಸಿದ ಸಾದಾ ಲೆಕ್ಕದಲ್ಲೇ ಹಗಲಿರುಳು 120 ಮೆಗಾವ್ಯಾಟ್ ಮೀರುತ್ತದೆ; ಪಂಪಿನ ನಷ್ಟ ಬೇರೆ. ಇಷ್ಟು ದೊಡ್ಡ ಮೋಟಾರುಗಳ ಸಾಲು ಸಂಜೆ ಎರಡು ಗಂಟೆ ಅರ್ಧ ನಿಂತರೂ ಎಷ್ಟೋ ಆಯಿತು. ಆದರೆ ನಿಲ್ಲಿಸಿದ ನೀರನ್ನು ಮಧ್ಯಾಹ್ನವೇ ಎತ್ತಿ ಇಡಲು ಮೇಲೆ ತೊಟ್ಟಿ ಬೇಕು, ಹೆಚ್ಚುವರಿ ಪಂಪು ಬೇಕು. ಹಗಲಿರುಳು ಓಡಲೆಂದೇ ಕಟ್ಟಿದ ವ್ಯವಸ್ಥೆಯಲ್ಲಿ ಆ ಬಿಡುವು ಕಡಿಮೆ. ಕಾಂಕ್ರೀಟ್ ತೊಟ್ಟಿಯೂ ವಿದ್ಯುತ್ ಸಂಗ್ರಹವೇ ಎಂದು ಜಲಮಂಡಳಿಯೂ ವಿದ್ಯುತ್ ಕಂಪನಿಯೂ ಒಂದೇ ಮೇಜಿನಲ್ಲಿ ಕೂತು ಲೆಕ್ಕ ಹಾಕಿದರೆ ಮಾತ್ರ ಅದು ಯೋಜನೆಗೆ ಬರುತ್ತದೆ. ಮೈಸೂರಿಗೆ ನೀರೆತ್ತುವ ಹೊಂಗಳ್ಳಿ, ಮೇಳಾಪುರದ ಪಂಪುಗಳಿಗೂ ಇದೇ ಮಾತು, ಸಣ್ಣ ಪ್ರಮಾಣದಲ್ಲಿ.

ಮೊದಲು ಕಾಣಬೇಕು

ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋಗುವಾಗ ಕೊಡುವವರು ಒಬ್ಬರು, ಕೊಳ್ಳುವವರು ಒಬ್ಬರು. ತಂತಿಯ ಎರಡೂ ತುದಿ ಕಾಣುತ್ತಿತ್ತು. ಈಗ ತಂತಿಯ ತುದಿಗಳೇ ಲಕ್ಷಾಂತರ, ಎಷ್ಟೋ ಕಡೆ ಎರಡೂ ದಿಕ್ಕಿನ ಹರಿವು. ಸಬ್‌ಸ್ಟೇಷನ್ನಿನವರೆಗೆ ಏನು ನಡೆಯುತ್ತಿದೆ ಎಂಬುದು ಕಂಪನಿಗೆ ಕಾಣುತ್ತದೆ. ಅಲ್ಲಿಂದ ಕೆಳಗೆ, ಯಾವ ಟಿಸಿಯ ಮೇಲೆ ಈ ಗಳಿಗೆ ಎಷ್ಟು ಭಾರ ಎಂಬುದು ಬಹುಮಟ್ಟಿಗೆ ಲೈನ್‌ಮ್ಯಾನ್‌ನ ನೆನಪು, ಅನುಭವ.

ಮೈಸೂರಿಗೆ ಇದು ಹೊಸ ವಿಚಾರವೇನಲ್ಲ. ದೇಶದಲ್ಲಿ ಮೊದಲು ಆಯ್ದ 14 ಸ್ಮಾರ್ಟ್ ಗ್ರಿಡ್ ಪ್ರಯೋಗಗಳಲ್ಲಿ ಒಂದು ಸೆಸ್ಕ್‌ನದು. ವಿ.ವಿ. ಮೊಹಲ್ಲಾ ಭಾಗದ ಸುಮಾರು 21 ಸಾವಿರ ಗ್ರಾಹಕರು, ಅವರಲ್ಲಿ ಪಂಪ್‌ಸೆಟ್‌ನವರೂ, ಅದರ ವ್ಯಾಪ್ತಿಯಲ್ಲಿದ್ದರು. ಪೀಕ್ ಭಾರ ನಿಭಾಯಿಸುವುದೂ ಅದರ ಗುರಿಗಳಲ್ಲೊಂದು. ಹತ್ತು ವರ್ಷಕ್ಕೂ ಹಿಂದಿನ ಆ ಪ್ರಯೋಗದ ಪಾಠ ಐದು ಜಿಲ್ಲೆಯ ದಿನನಿತ್ಯದ ಕೆಲಸಕ್ಕೆ ಎಷ್ಟು ಇಳಿದಿದೆ ಎಂದು ಕೇಳುವ ಹಕ್ಕು ನಮಗಿದೆ.

ಮನೆಮನೆಗೆ ಸ್ಮಾರ್ಟ್ ಮೀಟರ್ ಹಾಕುವ ಜಗಳ ನಡೆಯುತ್ತಿರಲಿ. ಅದಕ್ಕಿಂತ ಮೊದಲು ಪ್ರತಿ ಟಿಸಿಗೆ ಒಂದು ಮೀಟರ್, ಅದರಿಂದ ಕಾಲು ಗಂಟೆಗೊಮ್ಮೆ ಒಂದು ಅಂಕಿ ಬಂದರೆ ಖರ್ಚು ಕಡಿಮೆ, ಜಗಳ ಕಡಿಮೆ, ತಿಳಿವು ಹೆಚ್ಚು. ಯಾವ ಬೀದಿಯಲ್ಲಿ ಇನ್ನೂ ಎಷ್ಟು ಸೋಲಾರ್ ಹಿಡಿಯುತ್ತದೆ, ಯಾವ ತೋಟದ ಟಿಸಿ ಸುಡುವ ಹಂತದಲ್ಲಿದೆ, ಯಾವ ಫೀಡರನ್ನು ಹನ್ನೊಂದರಿಂದ ಹನ್ನೆರಡಕ್ಕೆ ಸರಿಸಿದರೆ ವೋಲ್ಟೇಜು ಸರಿಹೋಗುತ್ತದೆ ಎಂಬುದೆಲ್ಲ ಅಲ್ಲಿಂದಲೇ ತಿಳಿಯುತ್ತದೆ. ಪ್ರತಿಫಲ ಹಂಚುವುದಕ್ಕೂ ಅದೇ ಅಳತೆಗೋಲು: ಪಂಪಿಗೊಂದು ಮೀಟರ್ ಎಂದರೆ ಉಚಿತ ಕರೆಂಟಿಗೆ ಕುತ್ತು ಬಂತೆಂದು ಊರು ಎದ್ದು ನಿಲ್ಲುತ್ತದೆ. ಟಿಸಿಗೊಂದು ಮೀಟರ್, ಉಳಿತಾಯದ ಹಣ ಆ ಟಿಸಿಯ ಹತ್ತು ಮಂದಿಗೆ ಸಮಪಾಲು ಎಂದರೆ, ಸಂಜೆ ಕದ್ದು ಕಂಡೆನ್ಸರ್ ಹಾಕಿ ಸಿಂಗಲ್ ಫೇಸ್‌ನಲ್ಲೇ ಮೋಟಾರು ಓಡಿಸುವವನನ್ನು ಉಳಿದ ಒಂಬತ್ತು ಮಂದಿಯೇ ಕೇಳುತ್ತಾರೆ.

ದರ ಪರಿಷ್ಕರಣೆಗೆ ಮುಂಚೆ ಕೆಇಆರ್‌ಸಿ ಪ್ರತಿ ಸರಬರಾಜು ಕಂಪನಿಯ ವ್ಯಾಪ್ತಿಯಲ್ಲೂ ಸಾರ್ವಜನಿಕ ಅಹವಾಲು ಕೇಳುತ್ತದೆ. ಸೆಸ್ಕ್‌ನ ಅರ್ಜಿಯ ಮೇಲೂ. ಯೂನಿಟಿಗೆ ಎಷ್ಟು ಪೈಸೆ ಏರಿತು ಎಂಬುದರಲ್ಲೇ ಅಲ್ಲಿನ ಚರ್ಚೆಯ ಬಹುಪಾಲು ಕಳೆಯುತ್ತದೆ. ಸಂಜೆ ಆರರಿಂದ ಹತ್ತರವರೆಗೆ ಯಾವ ಬೆಲೆಗೆ ಎಷ್ಟು ಕರೆಂಟು ಕೊಂಡಿರಿ, ಅದೇ ಹೊತ್ತಿಗೆ ಸುಮ್ಮನಿದ್ದ ಪಂಪಿನವರಿಗೆ ಏನು ಕೊಟ್ಟಿರಿ, ಪಂಪ್‌ಸೆಟ್ ಫೀಡರ್‌ಗಳ ಸರದಿ ಪಟ್ಟಿಯನ್ನು ವಾರಕ್ಕೆ ಮುಂಚೆ ಮೊಬೈಲಿಗೆ ಕಳಿಸಿ ಅದಕ್ಕೆ ಬದ್ಧರಾಗಲು ತೊಡಕೇನು ಎಂದು ರೈತಸಂಘದವರೂ ಸೋಲಾರ್ ಹಾಕಿಸಿಕೊಂಡವರೂ ಒಟ್ಟಾಗಿ ಲಿಖಿತದಲ್ಲಿ ಕೇಳಿದರೆ, ಆಯೋಗದ ಆದೇಶದಲ್ಲಿ ಅದಕ್ಕೆ ಉತ್ತರ ದಾಖಲಾಗಬೇಕಾಗುತ್ತದೆ.